ಯಾವ ಕಿವಿ

ಆ ದಿನ ಬೆಳಿಗ್ಗೆ ಗಾಳಿ ಎದ್ದಿತ್ತು. ಮಳೆ ತರುವ ಗಾಳಿಯಲ್ಲ, ಒಣಗಾಳಿ. ಕಳೆದುಹೋದ ಯಾರನ್ನೋ ಹುಡುಕಿಕೊಂಡು ಬಂದವರ ಹಾಗೆ ಮನೆಮನೆಯ ಬಾಗಿಲು ತಳ್ಳಿ ನೋಡುತ್ತಿತ್ತು. ಬೀದಿಯ ಕಾಗದ, ಎಲೆ, ಪ್ಲಾಸ್ಟಿಕ್ ಚೀಲಗಳೆಲ್ಲ ಎದುರು ಕಟ್ಟಡದ ಗೇಟಿಗೆ ಅಂಟಿಕೊಂಡು ಪಟಪಟ ಅನ್ನುತ್ತಿದ್ದವು. ದೇವರು ಒಮ್ಮೊಮ್ಮೆ ಹೀಗೆ ಒಂದು ಹೊತ್ತು ಬೀಸಿ ಸುಮ್ಮನಾಗಿಬಿಡುತ್ತಾನೆ; ಬಿದ್ದದ್ದನ್ನು ಎತ್ತಿಡುವ ಕೆಲಸವನ್ನು ಮಾತ್ರ ನಮಗೆ ಬಿಟ್ಟಿರುತ್ತಾನೆ.

ಮೂರನೆಯ ಮಹಡಿಯ ಮನೆಯಲ್ಲಿ ಅತ್ತೆ ನಡುಮನೆಯ ಕಿಟಕಿ ತೆರೆದರು. ಒದ್ದೆ ಬಟ್ಟೆ ಒಣಗಲಿ ಅನ್ನುವುದಷ್ಟೇ ಅವರ ಲೆಕ್ಕ. ಗಾಳಿಗೆ ಅಷ್ಟು ಸಾಕಾಯಿತು. ಒಳನುಗ್ಗಿ ಚಿಕ್ಕ ರೂಮಿನ ಬಾಗಿಲನ್ನು ಢಬಾರನೆ ಬಡಿಯಿತು. ಒಳಗೆ ಹೆಡ್‌ಫೋನು ಹಾಕಿಕೊಂಡು ಟೈಪು ಮಾಡುತ್ತಿದ್ದ ಸೊಸೆ ಬೆಚ್ಚಿಬಿದ್ದು, ತಲೆಯ ಮೇಲೆ ಏನಿದೆ ಅನ್ನುವುದನ್ನೂ ಮರೆತು, ಬಾಗಿಲು ಹಿಡಿಯಲು ಎದ್ದು ಓಡಿದಳು. ಅವಳು ಓಡಿದಳು, ವೈರು ಓಡಲಿಲ್ಲ. ಕಂಪ್ಯೂಟರಿಗೆ ಚುಚ್ಚಿದ್ದ ಪಿನ್ನು ಅಲ್ಲೇ ಉಳಿಯಿತು. ವೈರು ಅದರ ಕುತ್ತಿಗೆಯಿಂದ ಕಿತ್ತುಬಂದು ಅವಳ ಭುಜದ ಮೇಲೆ ಜೋತುಬಿತ್ತು.

"ಕಿಟಕಿ ತೆಗೆದೋರು ಯಾರು?"

"ನಾನೇ ಕಣಮ್ಮ. ಕಿಟಕಿ ತೆಗೆಯೋಕೂ ಅರ್ಜಿ ಹಾಕ್ಬೇಕಾ ಈಗ?"

"ನೋಡಿ ಇಲ್ಲಿ! ಏನಾಯ್ತು ನೋಡಿ!"

"ತಲೆ ಮೇಲಿರೋದನ್ನ ತೆಗೆದಿಟ್ಟು ಏಳ್ಬೇಕು. ಬಾಗಿಲೇನು ಊರು ಬಿಟ್ಟು ಹೋಗ್ತಿತ್ತಾ?"

ಆ ಬಾಗಿಲ ವಿಚಾರ ಇಬ್ಬರಿಗೂ ಹುಣ್ಣಿನ ಹಾಗೆ, ಮುಟ್ಟಿದರೆ ನೋವು. ಚಿಕ್ಕ ರೂಮು ಅತ್ತೆಯದು. ಸೊಸೆಗೆ ಟೈಪಿಂಗ್ ಕೆಲಸ ಸಿಕ್ಕಾಗ, "ಬಾಗಿಲು ಹಾಕ್ಕೊಂಡು ಕೂರೋ ಜಾಗ ಬೇಕು ಅತ್ತೆ. ಮೂರು ತಿಂಗಳು ಕೊಡಿ, ಅಷ್ಟರಲ್ಲಿ ಬೇರೆ ಏನಾದ್ರೂ ಮಾಡ್ಕೋತೀನಿ," ಎಂದು ಕೇಳಿದ್ದಳು. ಅತ್ತೆ ಮನಸಾರೆ ಕೊಟ್ಟಿದ್ದರು, ಸುಳ್ಳು ಹೇಳಬಾರದು. ತಮ್ಮ ಮಂಚವನ್ನು ತಾವೇ ತಳ್ಳಿಕೊಂಡು ನಡುಮನೆಗೆ ಬಂದಿದ್ದರು. ಮೂರು ತಿಂಗಳು ಕಳೆಯಿತು. ಯಾರೂ ಏನೂ ಅನ್ನಲಿಲ್ಲ. ಚಳಿ ಹೋಗಿ ಬೇಸಿಗೆ ಬಂತು, ಬೇಸಿಗೆ ಹೋಗಿ ಮತ್ತೆ ಚಳಿ ಬಂತು. ಅತ್ತೆಯ ಮಂಚ ಟಿವಿಗೂ ಚಪ್ಪಲಿ ಗೂಡಿಗೂ ನಡುವೆ ಇತ್ತು. ಬಂದವರೆಲ್ಲ ಅದರ ಮೇಲೆ ಕೂರುತ್ತಿದ್ದರು. ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತ ಕೂತರೆ, "ಅಜ್ಜಿ, ಸ್ವಲ್ಪ ಕಾಲು ಎತ್ತು, ನನ್ನ ಚಪ್ಪಲಿ," ಎಂದು ಮೊಮ್ಮಗಳು ಬರುತ್ತಿದ್ದಳು.

ಸೊಸೆಯ ಕೆಲಸ ಒಂದು ರಾಜಿ ಕಚೇರಿಯದು. ಕೋರ್ಟಿಗೆ ಹೋಗಲು ಮನಸ್ಸಿಲ್ಲದ ಜನ ಅಲ್ಲಿ ಮೇಜಿನ ಎರಡು ತುದಿಗೆ ಕೂತು ತಮ್ಮ ಜಗಳ ಆಡುತ್ತಾರೆ. ಒಬ್ಬೊಬ್ಬರ ಮುಂದೆ ಒಂದೊಂದು ಮೈಕು; ಆಡಿದ್ದೆಲ್ಲ ರೆಕಾರ್ಡಾಗಿ ಸೊಸೆಯ ಕಂಪ್ಯೂಟರಿಗೆ ಬರುತ್ತದೆ. ಒಂದನೆಯವರ ಮಾತು ಹೆಡ್‌ಫೋನಿನ ಎಡಗಿವಿಗೆ ಬರುತ್ತದೆ, ಎರಡನೆಯವರದು ಬಲಗಿವಿಗೆ. ಯಾವ ಕಿವಿಯಲ್ಲಿ ಕೇಳಿಸಿತೋ ಆ ಕಡೆಯವರ ಹೆಸರಿನ ಮುಂದೆ ಮಾತನ್ನು ಟೈಪು ಮಾಡಬೇಕು. ಇಷ್ಟೇ ಕೆಲಸ. ಆದರೆ ಆ ಕಾಗದದ ಮೇಲೆ ಅವರಿಬ್ಬರೂ ಸಹಿ ಹಾಕುತ್ತಾರೆ.

ಮಧ್ಯಾಹ್ನ ಮಗ ಬ್ರೆಡ್ ಕಾರ್ಖಾನೆಯಿಂದ ಬಂದ. ಹುಬ್ಬಿನ ಮೇಲೆ ಇನ್ನೂ ಹಿಟ್ಟಿತ್ತು. ತಟ್ಟೆಯ ಮುಂದೆ ಕೂರುವುದೇ ತಡ, ಒಂದು ಕಡೆಯಿಂದ ಹೆಂಡತಿ, ಇನ್ನೊಂದು ಕಡೆಯಿಂದ ತಾಯಿ.

"ಕಿಟಕಿ ತೆಗೀಬೇಡಿ ಅಂತ ಎಷ್ಟು ಸಲ ಹೇಳಿದೀನಿ, ಕೇಳಿ ಇವರನ್ನ."

"ಕಿಟಕಿ ತೆಗೀದೇ ಇರೋಕೆ ಇದೇನು ಉಗ್ರಾಣನಾ? ಮನುಷ್ಯಳು ಮಲಗ್ತಾಳೆ ಕಣೋ ಇಲ್ಲಿ."

"ನನ್ನ ಮಧ್ಯೆ ಎಳೀಬೇಡಿ," ಎಂದ ಮಗ. "ಅಲ್ಲಿ ಒಲೆ ಮುಂದೆ ಬೆಂದು ಬರ್ತೀನಿ. ಇಲ್ಲೂ ಬೇಯಿಸ್ಬೇಡಿ. ಬೇಳೆಗೆ ಉಪ್ಪು ಹಾಕಿಲ್ವಾ?"

"ಅದನ್ನೂ ನಾನೇ ಹಾಕ್ಬೇಕಿತ್ತು," ಅಂದಳು ಸೊಸೆ.

ಹೊಸ ಹೆಡ್‌ಫೋನು ಕಚೇರಿಯಿಂದಲೇ ಬರಬೇಕು. ಅದಕ್ಕೆ ತಿಂಗಳು ಹಿಡಿಯುತ್ತದೆ ಎಂದು ಅಲ್ಲಿಯ ಗುಮಾಸ್ತ ಫೋನಿನಲ್ಲಿ ತಿಳಿಸಿದ. ಕೆಲಸ ಮಾತ್ರ ಕಾಯುವುದಿಲ್ಲ. ಸೊಸೆ ಕಂಪ್ಯೂಟರಿನ ಸ್ಪೀಕರನ್ನೇ ಸಣ್ಣಗೆ ಹಾಕಿಕೊಂಡು, ಒಂದೊಂದು ಮಾತನ್ನೂ ಹಿಂದಕ್ಕೆ ಮುಂದಕ್ಕೆ ಎಳೆದು ಕೇಳತೊಡಗಿದಳು. ಬಾಗಿಲು ಹಾಕಿದರೂ ಮಾತು ಸಂದಿಯಲ್ಲಿ ಹೊರಬರುತ್ತಿತ್ತು. ಅವಳಿ ಅಕ್ಕತಂಗಿಯರ ಜಗಳ ಅದು. ಒಂದೇ ದನಿ, ಒಂದೇ ಸಿಟ್ಟು. ಒಬ್ಬಳೇ ಹೆಂಗಸು ತನ್ನ ಜೊತೆ ತಾನೇ ಕಚ್ಚಾಡುತ್ತಿದ್ದಾಳೇನೋ ಅನ್ನಿಸುವ ಹಾಗಿತ್ತು.

ಎರಡನೆಯ ದಿನ ಸೊಸೆ ಹೊರಬಂದು ನಿಂತಳು. "ಅತ್ತೆ, ಇದು ಬೇರೆಯವರು ಕೇಳೋ ಹಾಗಿಲ್ಲ. ಒಂದೆರಡು ಗಂಟೆ ಕೆಳಗೆ ಹೋಗಿ ಕೂತ್ಕೋತೀರಾ?"

ಅತ್ತೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ. "ರೂಮಿಂದ ನಡುಮನೆಗೆ ಬಂದೆ. ನಡುಮನೆಯಿಂದ ಮೆಟ್ಟಿಲಿಗೆ ಹೋಗು ಅಂತೀಯ. ಆಮೇಲೆ ಎಲ್ಲಿಗೆ, ಬೀದಿಗಾ?"

"ಹಾಗಂದ್ನಾ ನಾನು?"

"ಹಾಗೇ ಕೇಳಿಸ್ತು. ಕಿವಿ ಮಂದ ಅಲ್ವಾ ನಂದು."

ಅವರು ಕೆಳಗೆ ಹೋಗಲಿಲ್ಲ. ಸ್ಪೀಕರು ನಿಲ್ಲಲಿಲ್ಲ. ಬಾಗಿಲ ಸಂದಿಯಿಂದ ಒಂದು ದನಿ ಹೇಳಿತು: "ಅಮ್ಮ ನಿನ್ನ ಮನೇಲಿರಲಿ. ನಮ್ಮಲ್ಲಿ ರೂಮಿಲ್ಲ." ಅದೇ ದನಿ ಉತ್ತರ ಕೊಟ್ಟಿತು: "ನಿಮ್ಮಲ್ಲಿ ರೂಮಿದೆ. ಮನಸ್ಸಿಲ್ಲ." ಅತ್ತೆಯ ಕೈಯ ಚಾಕು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಸಿಪ್ಪೆ ಬೀಳತೊಡಗಿತು, ಮೊದಲಿಗಿಂತ ದಪ್ಪಗೆ.

ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಅತ್ತೆ ತಡೆಯಲಾರದೆ ಹೇಳಿಯೇಬಿಟ್ಟರು. "ಆ ಅವಳಿಗಳ ಅಮ್ಮ ಪುಣ್ಯವಂತೆ. ಅವಳಿಗೋಸ್ಕರ ಜಗಳ ಆಡೋಕಾದ್ರೂ ಇಬ್ರಿದ್ದಾರೆ."

ಸೊಸೆಯ ಮುಖ ಬಿಳುಚಿತು. "ಅತ್ತೆ, ಅದನ್ನ ಬಾಯಿಬಿಟ್ಟು ಆಡ್ಬೇಡಿ. ಯಾರಿಗಾದ್ರೂ ಗೊತ್ತಾದ್ರೆ ನನ್ನ ಕೆಲಸ ಹೋಗತ್ತೆ."

"ಹೋದ್ರೆ ಹೋಗ್ಲಿ. ನನ್ನ ರೂಮಾದ್ರೂ ಬರತ್ತೆ."

ಅಂದದ್ದೇ ತಡ, ಅತ್ತೆಗೇ ತಮ್ಮ ಬಾಯಿಂದ ಏನು ಬಿತ್ತು ಅಂತ ಗೊತ್ತಾಯಿತು. ಆದರೆ ಬಿದ್ದ ಮಾತನ್ನು ತಟ್ಟೆಯ ಅಂಚಿಗೆ ತಳ್ಳುವ ಹಾಗಿಲ್ಲ. ಮಗ ತುತ್ತು ಹಿಡಿದುಕೊಂಡೇ ಕೂತ. ಸೊಸೆ ತಟ್ಟೆ ಎತ್ತಿಕೊಂಡು ಎದ್ದು, ಉಳಿದದ್ದನ್ನು ಮುಚ್ಚಿಟ್ಟು, ಕೈ ತೊಳೆದು, ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನದಿಂದ ಅತ್ತೆಯ ಜೊತೆ ಒಂದು ಮಾತೂ ಇಲ್ಲ.

ಮನೆಯಲ್ಲಿ ಮಾತು ನಿಂತರೆ ಪಾತ್ರೆಗಳು ಮಾತಾಡತೊಡಗುತ್ತವೆ. ಅತ್ತೆ ಟೀ ಲೋಟವನ್ನು ಕುಕ್ಕುತ್ತಿದ್ದರು, ಸೊಸೆ ಮುಚ್ಚಳವನ್ನು ಎತ್ತಿ ಎಸೆಯುತ್ತಿದ್ದಳು. ನಡುವೆ ಓಡಾಡುತ್ತಿದ್ದವಳು ಕಾಲೇಜಿಗೆ ಹೋಗುವ ಮೊಮ್ಮಗಳು. ಮನೆಯಲ್ಲಿ ಅವಳನ್ನು ಗುಬ್ಬಿ ಅಂತಲೇ ಕರೆಯುವುದು.

"ಗುಬ್ಬಿ, ನಿಮ್ಮಮ್ಮನಿಗೆ ಹೇಳು, ಗ್ಯಾಸು ಮುಗೀತಾ ಬಂತು."

"ಗುಬ್ಬಿ, ನಿಮ್ಮಜ್ಜಿಗೆ ಹೇಳು, ನಂಗೂ ಕಣ್ಣಿದೆ."

"ಇಬ್ರೂ ಒಂದೇ ಅಡುಗೆಮನೇಲಿ ನಿಂತಿದೀರಲ್ಲ! ನಾನೇನು ಪೋಸ್ಟಾಫೀಸಾ?" ಅಂದಳು ಗುಬ್ಬಿ. "ಸ್ಟಾಂಪು ಅಂಟಿಸಿ, ಕೊಂಡುಹೋಗ್ತೀನಿ."

ಹೀಗೆ ಒಂದು ವಾರ ಕಳೆಯಿತು. ಅತ್ತೆಗೆ ಆಡಿದ ಮಾತು ಗಂಟಲಲ್ಲಿ ಮುಳ್ಳಾಗಿತ್ತು. ತಪ್ಪಾಯಿತು ಅನ್ನುವುದು ಅವರ ಜಾಯಮಾನವಲ್ಲ. ಆದರೆ ಮದುವೆಗೆ ಮೊದಲೂ ಆಮೇಲೂ ಅವರು ದುಡಿದದ್ದು ರೇಡಿಯೋ ಕಾರ್ಖಾನೆಯಲ್ಲಿ, ಬೆಸುಗೆ ಹಾಕುವ ಸಾಲಿನಲ್ಲಿ. ಕಾಯಿಸಿ ಬೆಸುಗೆ ಹಾಕುವ ಕಡ್ಡಿ ಇನ್ನೂ ಮಂಚದ ಕೆಳಗಿನ ಪೆಟ್ಟಿಗೆಯಲ್ಲೇ ಇತ್ತು. ಒಂದು ಬೆಳಿಗ್ಗೆ ಗುಬ್ಬಿಯನ್ನು ಕರೆದರು.

"ಕಾಲೇಜಿನ ಹತ್ರ ಎಲೆಕ್ಟ್ರಿಕ್ ಅಂಗಡಿ ಇದ್ಯಲ್ಲ, ಹೆಡ್‌ಫೋನಿನ ಪಿನ್ನು ಒಂದು ತಗೊಂಡು ಬಾ. ತಿರುಗಿಸಿ ಬಿಚ್ಚೋ ಥರದ್ದು. ನಿಮ್ಮಮ್ಮನಿಗೆ ಹೇಳು, ನಾನು ಜೋಡಿಸ್ಕೊಡ್ತೀನಿ."

ಗುಬ್ಬಿ ಹೋಗಿ ಹೇಳಿದಳು. ಒಳಗಿನಿಂದ ಉತ್ತರ ಬಂತು, ಎಲ್ಲರಿಗೂ ಕೇಳುವಷ್ಟು ಜೋರಾಗಿ: "ಸೂಜಿಗೆ ದಾರ ಪೋಣಿಸೋಕೆ ನನ್ನ ಕರೀತಾರೆ, ವೈರು ಜೋಡಿಸ್ತಾರಂತಾ!"

"ಸ್ಪೀಕರಲ್ಲಿ ಯಾವುದು ಯಾರ ಮಾತು ಅಂತ ನಿಂಗೇ ಗೊತ್ತಾಗ್ತಿಲ್ಲ ಅಂತಿದ್ಯಲ್ಲ," ಅಂದ ಮಗ, ಸಾಕ್ಸು ಹುಡುಕುತ್ತ. "ಕೊಡು. ಇನ್ನೇನು ಹಾಳಾಗತ್ತೆ, ಹಾಳಾಗಿರೋದು?"

ಅಂದು ಸಂಜೆ ಅತ್ತೆ ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿದರು. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡರು. ವೈರಿನ ಕಿತ್ತುಹೋದ ತುದಿಯನ್ನು ಕತ್ತರಿಸಿ, ಮೇಲಿನ ರಬ್ಬರನ್ನು ಬ್ಲೇಡಿನಿಂದ ಸುತ್ತ ಗೀರಿ ಎಳೆದರು. ಒಳಗೆ ಕೂದಲಿನಷ್ಟು ಸಣ್ಣ ಎಳೆಗಳ ಮೂರು ಕಟ್ಟು: ಒಂದು ಕೆಂಪು, ಒಂದು ಹಸಿರು, ಒಂದು ಬರೀ ತಾಮ್ರದ ಬಣ್ಣ. ಆ ಬಣ್ಣ ಒಂದು ಥರದ ಅರಗು. ಅದು ಸುಟ್ಟುಹೋಗುವ ತನಕ ಬೆಸುಗೆ ಹಿಡಿಯುವುದಿಲ್ಲ. ಕಡ್ಡಿ ಕಾಯಿತು, ತುದಿಯಲ್ಲಿ ಒಂದು ಹನಿ ಸೀಸ ಕರಗಿಸಿಕೊಂಡು ಅದರಲ್ಲಿ ಎಳೆಗಳನ್ನು ಅದ್ದಿ ಹಿಡಿದರು. ಸಣ್ಣಗೆ ಹೊಗೆ ಎದ್ದು, ಬಣ್ಣ ಕಪ್ಪಾಗಿ, ಆಮೇಲೆ ಬೆಳ್ಳಗೆ ಮಿನುಗಿತು. ಆ ವಾಸನೆಗೆ ಅತ್ತೆಯ ಬೆನ್ನು ತಾನಾಗಿ ನೆಟ್ಟಗಾಯಿತು.

"ಪಿನ್ನಿನ ತುದಿಗೆ ಎಡಗಿವಿ. ನಡುವಿನ ಬಳೆಗೆ ಬಲಗಿವಿ. ಬುಡಕ್ಕೆ ಎರಡರದೂ ಸೇರಿದ ತಂತಿ," ಎಂದು ಮಂತ್ರ ಹೇಳುವವರ ಹಾಗೆ ತಮ್ಮಷ್ಟಕ್ಕೆ ಹೇಳಿಕೊಂಡರು.

"ಕೆಂಪು ಯಾವುದಕ್ಕೆ ಅಜ್ಜಿ?"

"ಬಣ್ಣ ನಂಬಬಾರದು ಕಣೇ. ಒಂದೊಂದು ಕಂಪನಿಯೋರು ಒಂದೊಂದು ಥರ ಹಾಕಿರ್ತಾರೆ. ಕೇಳಿ ನೋಡ್ಬೇಕು. ಗೋಡೆ ಗಡಿಯಾರದ ಸೆಲ್ಲು ಬಿಚ್ಕೊಡು. ಇದನ್ನ ಮುಟ್ಟಿಸಿದ್ರೆ ಒಂದು ಕಿವೀಲಿ ಟಕ್ ಅನ್ನತ್ತೆ. ಅಷ್ಟು ಸಣ್ಣ ಸದ್ದು ನನ್ನ ಮಂದ ಕಿವಿಗೆ ಕೇಳಿಸಲ್ಲ. ನೀನು ಹಾಕ್ಕೋ."

"ನಂಗೆ ಕ್ಲಾಸಿದೆ, ಆರೂವರೆಗೆ. ಅಮ್ಮಾ! ಬಾ, ನೀನೇ ಕೇಳಿಸ್ಕೋ!" ಎಂದು ಗುಬ್ಬಿ ಸೆಲ್ಲು ಮೇಜಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿ, ಮೆಟ್ಟಿಲಿಳಿದುಹೋದಳು. ಪೋಸ್ಟಾಫೀಸು ಮುಚ್ಚಿತು.

ಸೊಸೆ ಬಂದು ಎದುರು ಕುರ್ಚಿಯಲ್ಲಿ ಕೂತಳು. ಹೆಡ್‌ಫೋನು ತಲೆಗೆ ಹಾಕಿಕೊಂಡಳು. ಕಣ್ಣು ಅತ್ತೆಯ ತಲೆಯ ಹಿಂದಿನ ಗೋಡೆಯ ಮೇಲಿತ್ತು. ಅತ್ತೆಯೂ ಅವಳ ಮುಖ ನೋಡಲಿಲ್ಲ. ಸೆಲ್ಲನ್ನು ಕೆಂಪು ಎಳೆಗೂ ತಾಮ್ರದ ಎಳೆಗೂ ಮುಟ್ಟಿಸಿದರು.

"ಯಾವ ಕಿವಿ?" ಗಾಳಿಗೆ ಕೇಳಿದ ಹಾಗೆ ಕೇಳಿದರು.

ಸೊಸೆ ಬಾಯಿ ತೆರೆಯಲಿಲ್ಲ. ಕೈ ಎತ್ತಿ ಒಂದು ಕಿವಿ ಮುಟ್ಟಿದಳು.

ಅತ್ತೆ ಹಸಿರನ್ನು ಮುಟ್ಟಿಸಿದರು. ಸೊಸೆ ಇನ್ನೊಂದು ಕಿವಿ ಮುಟ್ಟಿದಳು. ಅಲ್ಲಿಗೆ ಮುಗಿಯಿತು. ಹೆಡ್‌ಫೋನು ತೆಗೆದಿಟ್ಟು ಎದ್ದುಹೋದಳು.

ಅತ್ತೆ ಕೆಂಪನ್ನು ತುದಿಗೆ ಹಾಕಿದರು, ಹಸಿರನ್ನು ಬಳೆಗೆ. ಬುಡದ ತಂತಿಯನ್ನೂ ಹಾಕಿ, ಊದಿ ಆರಿಸಿ, ಕನ್ನಡಕ ಸರಿಸಿ ನೋಡಿದರೆ ಪಿನ್ನಿನ ಟೊಪ್ಪಿಗೆ ಪೇಪರಿನ ಮೇಲೆ ಕೂತು ಅವರನ್ನೇ ನೋಡುತ್ತಿದೆ. ಬೆಸುಗೆಗೆ ಮೊದಲು ಅದನ್ನು ವೈರಿಗೆ ಪೋಣಿಸಬೇಕಿತ್ತು. ಕಾರ್ಖಾನೆಗೆ ಹೊಸದಾಗಿ ಸೇರಿದ ಹುಡುಗಿಯರು ಮಾಡುವ ತಪ್ಪು. ಆಗ ಇಡೀ ಸಾಲು ಚಪ್ಪಾಳೆ ತಟ್ಟಿ ನಗುತ್ತಿತ್ತು. ಅತ್ತೆ ಹಿಂದೆ ಮುಂದೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೂರೂ ಬೆಸುಗೆ ಬಿಡಿಸಿ, ಟೊಪ್ಪಿಗೆ ಪೋಣಿಸಿ, ಇದ್ದ ಹಾಗೇ ಮತ್ತೆ ಹಾಕಿದರು. ತಪ್ಪು ಸಿಕ್ಕಿತು, ಸರಿಹೋಯಿತು ಅನ್ನುವ ಸಮಾಧಾನದಲ್ಲಿ ಇನ್ನೊಂದು ತಪ್ಪನ್ನು ಹುಡುಕುವ ಮನಸ್ಸಾಗಲಿಲ್ಲ.

ಸೊಸೆ ಒಂದು ಹಾಡು ಹಾಕಿ ನೋಡಿದಳು. ಎರಡೂ ಕಡೆ ಚೆನ್ನಾಗಿ ಕೇಳಿಸಿತು. ಬಾಗಿಲು ಹಾಕಿಕೊಂಡಳು. ಚೆನ್ನಾಗಿದೆ ಅನ್ನುವ ಒಂದು ಮಾತು ಸಂದಿಯಿಂದಲೂ ಬರಲಿಲ್ಲ.

"ಏನಂದ್ಳು?" ಎಂದು ಅತ್ತೆ ಮಗನನ್ನು ಕೇಳಿದರು.

"ಏನೂ ಅನ್ಲಿಲ್ಲ."

"ಅನ್ನಲ್ಲ. ಬಾಯಿ ನೋಯತ್ತೆ."

ಆದರೂ ಆ ದಿನಗಳಲ್ಲಿ ಅತ್ತೆ ಎರಡು ತುತ್ತು ಹೆಚ್ಚು ಉಂಡರು. ರೂಮಿನೊಳಗೆ ಟೈಪಿನ ಸದ್ದು ಮಳೆಯ ಹಾಗೆ ಬಿಡದೆ ಸುರಿಯುತ್ತಿತ್ತು. ಅದು ತಮ್ಮ ಬೆಸುಗೆಯ ಮೇಲೆ ನಡೆಯುತ್ತಿರುವ ಕೆಲಸ ಎಂದು ಕೆಳಮನೆಯ ದರ್ಜಿಯ ಹೆಂಡತಿಗೆ ಎರಡು ಸಲ ಹೇಳಿ ಬಂದರು.

ಆಮೇಲೆ ಕಚೇರಿಯಿಂದ ಫೋನು ಬಂತು.

ಸೊಸೆ ನಡುಮನೆಯಲ್ಲೇ ನಿಂತು ಮಾತಾಡುತ್ತಿದ್ದಳು. "ಇಲ್ಲ ಸಾರ್... ಇಲ್ಲ, ನಾನು ಸರಿಯಾಗೇ... ಎಲ್ಲಾ ಪುಟಾನಾ?" ಎಂದಳು. ಆಮೇಲೆ ಕೇಳುವುದೇ ಆಯಿತು. ಫೋನಿಟ್ಟು ರೂಮಿಗೆ ಹೋದಳು, ಹೆಡ್‌ಫೋನು ಹಾಕಿಕೊಂಡಳು, ತೆಗೆದಳು, ಒಳಗೆ ಬರೆದಿದ್ದ ಎಡಬಲದ ಗುರುತು ನೋಡಿದಳು, ಮತ್ತೆ ಹಾಕಿಕೊಂಡಳು. ಹೊರಬಂದಾಗ ವೈರು ಕೈಗೆ ಸುತ್ತಿಕೊಂಡಿತ್ತು. ಅಷ್ಟು ದಿನದ ಮೌನ ಒಮ್ಮೆಗೇ ಒಡೆಯಿತು.

"ಏನ್ರೀ ಮಾಡಿದೀರಿ ಇದಕ್ಕೆ? ಎಡದ್ದು ಬಲಕ್ಕೆ ಹಾಕಿದೀರಿ, ಬಲದ್ದು ಎಡಕ್ಕೆ! ಒಬ್ಬಳ ಮಾತೆಲ್ಲ ಇನ್ನೊಬ್ಬಳ ಹೆಸರಿಗೆ ಹೋಗಿದೆ!"

"ಸಾಧ್ಯವೇ ಇಲ್ಲ."

"ಅಮ್ಮನ್ನ ನಾನು ಇಟ್ಕೋತೀನಿ ಅಂದೋಳು ಆಗಲ್ಲ ಅಂದ ಹಾಗೆ ಅಚ್ಚಾಗಿದೆ. ಕಾಗದ ಓದ್ಕೊಂಡು ಅವಳು ಕಚೇರೀಲಿ ಗೋಳೋ ಅಂತ ಅತ್ತಳಂತೆ. ನಾನು ಹೀಗೆ ಹೇಳಿಲ್ಲ, ನಮ್ಮಮ್ಮನ ಮುಂದೆ ಹೇಗೆ ನಿಲ್ಲಲಿ ಅಂತ! ಇನ್ನೊಂದು ಸಲ ಹೀಗಾದ್ರೆ ಕೆಲಸ ಇಲ್ಲ ಅಂದ್ರು."

"ನಾನು ಹಾಕಿದ್ದು ಸರಿಯಾಗೇ ಇದೆ."

"ಹೌದು, ಸರಿಯಾಗೇ ಇದೆ. ನಿಮಗೆ ಬೇಕಾದ ಹಾಗೇ ಇದೆ. ಕೆಲಸ ಹೋಗ್ಲಿ, ರೂಮು ಬರ್ಲಿ ಅಂದ್ರಲ್ಲ, ಅವತ್ತು ಎಲ್ಲರ ಮುಂದೆ! ಬೇಕಂತ್ಲೇ ಮಾಡಿದೀರಿ ನೀವು."

ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು. ಯಾರೂ ಹೋಗಲಿಲ್ಲ.

ಅತ್ತೆಗೆ ಬೈಗುಳ ಹೊಸದಲ್ಲ. ನಾಲಿಗೆ ಉದ್ದ ಅಂದಿದ್ದಾರೆ, ಹಟಮಾರಿ ಅಂದಿದ್ದಾರೆ. ಎಲ್ಲಕ್ಕೂ ಅಲ್ಲಲ್ಲೇ ಉತ್ತರ ಕೊಟ್ಟು ಕೈ ತೊಳೆದುಕೊಂಡಿದ್ದಾರೆ. ಕೈಕೆಲಸದಲ್ಲಿ ಮೋಸ ಮಾಡಿದೆ ಎಂದು ಮಾತ್ರ ಈ ತನಕ ಯಾರೂ ಅಂದಿರಲಿಲ್ಲ. ಅವರು ಮಂಚದ ಮೇಲೆ ಕೂತರು. ಆ ಹೊತ್ತಿನ ಊಟಕ್ಕೆ ಏಳಲಿಲ್ಲ, ಮರುದಿನದ ಊಟಕ್ಕೂ ಏಳಲಿಲ್ಲ. ಕಾರ್ಖಾನೆಯಿಂದ ಮಗ ತಂದ ಬನ್ನನ್ನು ಹಾಗೇ ತಲೆದಿಂಬಿನ ಪಕ್ಕ ಇಟ್ಟುಕೊಂಡರು.

"ಅಮ್ಮ, ಅವಳು ಸಿಟ್ಟಲ್ಲಿ ಏನೋ ಅಂದ್ಳು. ಊಟ ಮಾಡು."

"ಅಂದಿದ್ದನ್ನ ವಾಪಸ್ ತಗೋಬೇಕು. ಇಲ್ಲಾ, ಹೌದು ಅಂತ ತೋರಿಸ್ಬೇಕು. ಆ ಪಿನ್ನು ಬಿಚ್ಚಿ. ನಿಮ್ಮೆಲ್ಲರ ಎದುರಿಗೆ ಬಿಚ್ಚಿ."

"ಏನಿದೆ ಅಂತ ಬಿಚ್ಚೋದು?" ಅಂದಳು ಸೊಸೆ ಬಾಗಿಲಲ್ಲಿ ನಿಂತು.

"ಏನಿದೆ ಅಂತ ನೀನೇ ಅಂದ್ಯಲ್ಲಮ್ಮ. ಮೋಸ ಇದೆ ಅಂತ. ನೋಡೋಣ, ಅದರ ಬಣ್ಣ ಯಾವುದು ಅಂತ."

ಭಾನುವಾರ ಮೇಜಿನ ಸುತ್ತ ನಾಲ್ವರೂ ಸೇರಿದರು. ಅತ್ತೆಯೂ ಸೊಸೆಯೂ ಮೊದಲಿನ ಕುರ್ಚಿಗಳಲ್ಲೇ ಎದುರುಬದುರು. ಮಗ ಟೊಪ್ಪಿಗೆ ತಿರುಗಿಸಿ ತೆಗೆದ. ಅತ್ತೆ ಗಡಿಯಾರದ ಸೆಲ್ಲು ಕೈಗೆತ್ತಿಕೊಂಡರು.

"ತುದಿ ಅಂದ್ರೆ ಎಡಗಿವಿ. ಇದು ಲೋಕಕ್ಕೆಲ್ಲ ಒಂದೇ, ಯಾರನ್ನ ಬೇಕಾದ್ರೂ ಕೇಳಿ. ಈಗ ತುದಿಗೆ ಮುಟ್ಟಿಸ್ತೀನಿ. ಹಾಕ್ಕೊಂಡಿದೀಯಾ? ಹೂಂ. ಯಾವ ಕಿವಿ?"

ಸೊಸೆ ಕಿವಿ ಮುಟ್ಟಿದಳು.

"ನೋಡ್ರಪ್ಪಾ!" ಅತ್ತೆ ಮೇಜು ತಟ್ಟಿದರು. "ಎಡ! ಅವತ್ತೂ ಇದೇ ಕಿವಿ ತೋರಿಸಿದ್ಳು, ಇವತ್ತೂ ಇದೇ ತೋರಿಸ್ತಿದಾಳೆ. ಯಾರು ಮೋಸಗಾರರು ಈಗ?"

"ಇದು ಎಡಾನಾ?" ಸೊಸೆ ಕಿವಿಯಿಂದ ಕೈ ತೆಗೆಯಲೇ ಇಲ್ಲ. "ಇದು ಎಡಾನಾ ಅತ್ತೆ? ಊಟ ಮಾಡೋ ಕೈ ಕಡೆ ಕಿವಿ ಕಣ್ರೀ ಇದು!"

"ನನ್ನ ಕಣ್ಣೆದುರಿಗೇ ಎಡಗಡೆ..." ಅತ್ತೆ ಅರ್ಧಕ್ಕೆ ನಿಂತರು. ತಮ್ಮ ಎಡಗೈ ಎತ್ತಿದರು. ಅದು ಸೊಸೆಯ ಎತ್ತಿದ ಕೈಗೆ ನೇರ ಎದುರಾಗಿತ್ತು, ಕನ್ನಡಿಯಲ್ಲಿ ಕಾಣುವ ಹಾಗೆ. ಕೈ ಹಾಗೇ ಗಾಳಿಯಲ್ಲಿ ನಿಂತಿತು.

ಗುಬ್ಬಿಗೆ ಮೊದಲು ಅರ್ಥವಾಯಿತು. ಅವಳು ನಕ್ಕ ನಗೆಗೆ ಕುರ್ಚಿ ಹಿಂದಕ್ಕೆ ವಾಲಿತು. "ಅಯ್ಯೋ ದೇವರೇ! ಎದುರುಬದುರು ಕೂತು! ಒಂದು ಮಾತು... ಬಲ ಅಂತ ಒಂದೇ ಒಂದು ಮಾತು ಆಡಿದ್ರೆ ಆಗ್ತಿತ್ತಲ್ಲಮ್ಮಾ!"

"ನೀನು ಬಾಯಿ ಮುಚ್ಚು," ಅಂದರು ಇಬ್ಬರೂ ಒಟ್ಟಿಗೆ.

ಮಗ ಮುಖ ಒರೆಸಿಕೊಳ್ಳುವ ನೆಪದಲ್ಲಿ ಟವೆಲಿನೊಳಗೆ ನಕ್ಕ. ಉಳಿದಿಬ್ಬರಿಗೆ ನಗು ಬರಲಿಲ್ಲ. ಅತ್ತೆ ಸೆಲ್ಲನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ಕಾರ್ಖಾನೇಲಿ ಕೈಸನ್ನೆ ಮಾಡೋ ಹಾಗಿರಲಿಲ್ಲ," ಅಂದರು, ಯಾರಿಗೂ ಅಲ್ಲದ ಹಾಗೆ. "ಕೇಳೋಳು ಬಾಯಿ ಬಿಟ್ಟು ಹೇಳ್ಬೇಕು, ಬೆಸುಗೆ ಹಾಕೋಳು ಬಾಯಿ ಬಿಟ್ಟು ಕೇಳ್ಬೇಕು, ಎಡ ಅಂದ್ಯಾ ಅಂತ. ಇಲ್ದಿದ್ರೆ ಮೇಸ್ತ್ರಿ ಬೈತಿದ್ದ. ನಂಗೆ ಗೊತ್ತಿತ್ತು. ನಿನ್ನ ಹತ್ರ ಇನ್ನೊಂದು ಸಲ ಕೇಳ್ಬೇಕಲ್ಲ ಅಂತ ಸುಮ್ನಾದೆ."

ಸೊಸೆ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. ಏನೋ ಅನ್ನುವವಳ ಹಾಗೆ ತುಟಿ ಅಲುಗಿತು. ಆದರೆ ಹೊರಬಂದದ್ದು ಬೇರೆಯೇ. "ನಾಳೆ ಸಂಜೆಯೊಳಗೆ ಎಲ್ಲಾ ತಿದ್ದಿ ಕಳಿಸ್ಬೇಕು. ಇವತ್ತೇ ಆಗತ್ತಾ?"

"ಕಡ್ಡಿ ಕಾಯೋ ಅಷ್ಟು ಹೊತ್ತು," ಅಂದರು ಅತ್ತೆ.

ಬೆಸುಗೆ ಬಿಡಿಸಿ ಮತ್ತೆ ಹಾಕುವಾಗ ಸೊಸೆ ಎದುರು ಕೂರಲಿಲ್ಲ. ಅತ್ತೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಟಕ್ ಅಂದಾಗಲೆಲ್ಲ ಮುಖ ಗಂಟು ಹಾಕಿಕೊಂಡೇ, "ಎಡ," "ಬಲ," ಎಂದು ಗಟ್ಟಿಯಾಗಿ ಹೇಳಿದಳು. "ಎಡ ಅಂದ್ಯಾ?" ಎಂದು ಅತ್ತೆ ಅಷ್ಟೇ ಗಟ್ಟಿಯಾಗಿ ಮರಳಿ ಕೇಳಿದರು. ಪಕ್ಕದ ಮನೆಯವರಿಗೆ ಮತ್ತೆ ಜಗಳ ಶುರುವಾಯಿತೇನೋ ಅನ್ನಿಸಿರಬೇಕು.

ಇಷ್ಟಾದರೂ ಮನೆಯಲ್ಲಿ ಬಿಸಿಲು ಬೀಳಲಿಲ್ಲ. ಸೊಸೆ ತಿದ್ದಿದ ಪುಟಗಳನ್ನು ಕಳಿಸಿದಳು, ಕಚೇರಿಯವರು ಒಪ್ಪಿಕೊಂಡರು, ಕೆಲಸ ಉಳಿಯಿತು. ಬೇಕಂತ್ಲೇ ಅನ್ನುವ ಮಾತು ಮಾತ್ರ ಇದ್ದಲ್ಲೇ ಇತ್ತು. ಅತ್ತೆ ಈಗ ಊಟಕ್ಕೆ ಏಳುತ್ತಿದ್ದರು, ಎಲ್ಲರೂ ಉಂಡ ಮೇಲೆ. ರೂಮಿನ ಸುದ್ದಿ ಎತ್ತುತ್ತಿರಲಿಲ್ಲ. ಮಗ ಒಮ್ಮೆ, "ಅಮ್ಮ, ರೂಮಿನ ವಿಷಯ..." ಎಂದು ಶುರುಮಾಡಿದಾಗ, "ಯಾವ ರೂಮು?" ಎಂದು ಬಾಯಿ ಮುಚ್ಚಿಸಿದರು. "ಕೇಳಿದ್ರೆ ಅದಕ್ಕೇ ಮಾಡಿದ್ಳು ಅಂತಾಗತ್ತೆ. ಇನ್ನು ಕೇಳಲ್ಲ ನಾನು." ರಾತ್ರಿ ಟಿವಿ ಆರುವ ತನಕ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ದೇವರ ಹೆಸರನ್ನು ಈಗ ಬಾಯಲ್ಲಿ ಹೇಳುತ್ತಿರಲಿಲ್ಲ, ಒಳಗೇ ಹೇಳಿಕೊಳ್ಳುತ್ತಿದ್ದರು. ಆಲಿಸುವವನಿಗೆ ಕೇಳಿಸದೆ ಇರದು.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಇಬ್ಬರೇ ಇದ್ದರು. ಸೊಸೆ ಪಾತ್ರೆ ತೊಳೆಯುತ್ತಿದ್ದಳು, ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಬಹಳ ಹೊತ್ತು ನಲ್ಲಿಯೊಂದೇ ಮಾತಾಡಿತು.

"ಆ ಅವಳಿಗಳ ಅಮ್ಮ ಏನಾದ್ಳು?" ಅಂದರು ಅತ್ತೆ, ಸೊಪ್ಪಿನ ಮೇಲಿಂದ ಕಣ್ಣೆತ್ತದೆ.

"ಅದನ್ನ ಹೇಳೋ ಹಾಗಿಲ್ಲ."

"ಹೇಳ್ಬೇಡ ಬಿಡು. ಕೇಳಿದ್ದೇ ತಪ್ಪು."

ಸೊಸೆ ಒಂದು ತಟ್ಟೆಯನ್ನು ತೊಳೆದದ್ದನ್ನೇ ಮತ್ತೆ ತೊಳೆದಳು. "ಎರಡನೆಯವಳು ಕರ್ಕೊಂಡು ಹೋದ್ಳು. ತನ್ನ ರೂಮು ಕೊಟ್ಟು, ತಾನು ಹೊರಗೆ ಮಲಗ್ತಾಳಂತೆ." ನಲ್ಲಿ ನಿಲ್ಲಿಸಿದಳು. "ನಾನು ಮೊದಲು ಆ ಮಾತನ್ನ ಇನ್ನೊಬ್ಬಳ ಹೆಸರಿಗೆ ಬರೆದಿದ್ದೆ."

"ತಿದ್ದಿದ್ಯಲ್ಲ."

"ತಿದ್ದಿದೆ."

ಅತ್ತೆ ಸೊಪ್ಪಿನ ಬುಟ್ಟಿ ಸರಿಸಿ, ಮೊಣಕಾಲು ಹಿಡಿದುಕೊಂಡು ಎದ್ದುಹೋದರು.

ಆ ವಾರದ ಕೊನೆಗೆ ಮಗ ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಎರಡು ಕನ್ನಡಕ ಹಾಕಿಕೊಳ್ಳುವ ಮುದುಕಿಯನ್ನು ನೋಡಿ ಡಾಕ್ಟರು ನಕ್ಕರಂತೆ. ದಾರಿಯುದ್ದಕ್ಕೂ ಅತ್ತೆ ಆ ಡಾಕ್ಟರನ್ನು ಬೈದುಕೊಂಡೇ ಬಂದರು. ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ಒಳಗೆ ಕಾಲಿಟ್ಟು, ಕೂರಲು ಮಂಚ ಹುಡುಕಿದರು. ಮಂಚ ಅಲ್ಲಿರಲಿಲ್ಲ.

ಟಿವಿಗೂ ಚಪ್ಪಲಿ ಗೂಡಿಗೂ ನಡುವೆ ಸೊಸೆಯ ಟೈಪಿನ ಮೇಜು ನಿಂತಿತ್ತು. ಕಂಪ್ಯೂಟರು, ಕಾಗದದ ಕಟ್ಟು, ನೀರಿನ ಬಾಟಲಿ, ಎಲ್ಲ ಅದರ ಮೇಲೆ. ಸೊಸೆ ಹೆಡ್‌ಫೋನು ಹಾಕಿಕೊಂಡು ಕೂತಿದ್ದಳು. ಬೆರಳು ಓಡುತ್ತಿತ್ತು. ಬೆನ್ನು ಬಾಗಿಲಿಗಿತ್ತು. ನೆಲದ ಮೇಲೆ ಮಂಚದ ಕಾಲು ಎಳೆದ ನಾಲ್ಕು ಗೀರು ಚಿಕ್ಕ ರೂಮಿನ ಕಡೆ ಹೋಗಿದ್ದವು.

"ಇಲ್ಲಿ ಕೂತು ಹೇಗೆ ಕೆಲಸ ಮಾಡ್ತೀಯ?" ಅಂದ ಮಗ. "ಟಿವಿ, ಜನ, ಗುಬ್ಬಿ ಫ್ರೆಂಡ್ಸು..."

"ಇದನ್ನ ಹಾಕ್ಕೊಂಡ್ರೆ ಏನೂ ಕೇಳಿಸಲ್ಲ," ಅಂದಳು ಸೊಸೆ, ಒಂದು ಕಿವಿಯ ಮೇಲಿನದನ್ನು ಸರಿಸಿ. "ಬೆಸುಗೆ ಚೆನ್ನಾಗಿ ಹಾಕಿದಾರೆ."

ಅಷ್ಟಂದು ಈ ಸಲ ಮೊದಲು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು, ಆಮೇಲೆ ಎದ್ದಳು. ಅತ್ತೆಯ ಹತ್ತಿರ ಬಂದು, ಅವರ ಕೈಯಲ್ಲಿದ್ದ ಡಾಕ್ಟರ ಚೀಟಿಯನ್ನು ತೆಗೆದುಕೊಂಡು, ಅದೇ ಅಂಗೈಯಲ್ಲಿ ರೂಮಿನ ಚಾವಿಯನ್ನು ಇಟ್ಟಳು.

"ಕೇಳಿದ್ದು ಮೂರು ತಿಂಗಳಿಗೆ ಅತ್ತೆ," ಅಂದಳು, ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಅತ್ತೆ ಚಾವಿಯನ್ನು ನೋಡಿದರು. ರೂಮಿನ ಕಡೆ ನಡೆದರು. ಬಾಗಿಲ ಹತ್ತಿರ ನಿಂತು, ಹಿಂದೆ ತಿರುಗದೆ, ಆದರೆ ಬಾಯಿಬಿಟ್ಟೇ, ಹೇಳಿದರು:

"ನಿನ್ನ ಎಡಗಡೆ ಸ್ವಿಚ್ಚು ಹಾಕ್ಕೋ. ಕತ್ತಲಲ್ಲಿ ಕೂತಿದೀಯ."